ರಾಯಬಾಗದ ಹಸುಗೆ: ಪಾಲು ಹಂಚುವ ಲೆಕ್ಕಕ್ಕೆ ಒಂಬೈನೂರು ವರ್ಷ

ಮಿರಜದಿಂದ ಬೆಳಗಾವಿಗೆ ಹೊರಟ ರೈಲು ಶೇಡಬಾಳ, ಉಗಾರಗಳನ್ನು ಹಿಂದೆ ಹಾಕಿ, ಕೃಷ್ಣಾ ನದಿಯ ಸೇತುವೆ ದಾಟಿ, ಕುಡಚಿಯ ಮೇಲೆ ಹಾದು ರಾಯಬಾಗ ನಿಲ್ದಾಣಕ್ಕೆ ಬರುತ್ತದೆ. ಸುತ್ತ ಕಬ್ಬಿನ ಗದ್ದೆಗಳು. ಇಳಿಯುವವರು ಸಂತೆ, ಕಚೇರಿ, ಬೀಗರ ಮನೆ ಎಂದು ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಕನ್ನಡದಲ್ಲಿ ಗಣಿತ ಬರೆದವರ ಪೈಕಿ ಮೊದಲಿಗನೆಂದು ಹೆಸರಾದ ಪಂಡಿತನ ಊರು ಇದೇ ಎಂಬುದು ಆ ಪ್ರಯಾಣಿಕರಲ್ಲಿ ಎಷ್ಟು ಜನರಿಗೆ ಗೊತ್ತು?

ಆತನ ಹೆಸರು ರಾಜಾದಿತ್ಯ. ಜೈನ ಕವಿ. ಕೂಂಡಿಮಂಡಲದ ಪೂವಿನಬಾಗೆ ಅವನ ಊರು. ಸವದತ್ತಿಯ ರಟ್ಟರು ಆಳುತ್ತಿದ್ದ, ಇಂದಿನ ಬೆಳಗಾವಿ ಜಿಲ್ಲೆಯ ಬಹುಭಾಗವನ್ನು ಒಳಗೊಂಡಿದ್ದ ನಾಡೇ ಕೂಂಡಿ. ಹಳಗನ್ನಡದ ‘ಪ’ಕಾರ ಮುಂದೆ ‘ಹ’ಕಾರವಾದಂತೆ ಪೂವಿನಬಾಗೆ ಹೂವಿನಬಾಗೆಯಾಯಿತು. ಅದೇ ಇಂದಿನ ರಾಯಬಾಗ ಎಂದು ವಿದ್ವಾಂಸರು ಗುರುತಿಸಿದ್ದಾರೆ. ರಾಜಾದಿತ್ಯನ ಕಾಲವನ್ನು ಕೆಲವರು ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆಗೆ, ಎಂದರೆ 12ನೇ ಶತಮಾನದ ಮೊದಲ ಭಾಗಕ್ಕೆ ಹಾಕಿದರೆ, ಮತ್ತೆ ಕೆಲವರು ಅದೇ ಶತಮಾನದ ಕೊನೆಗೆ ತರುತ್ತಾರೆ. ಹೇಗೆ ಲೆಕ್ಕ ಹಾಕಿದರೂ ಎಂಟು ನೂರು ವರ್ಷಗಳ ಮೇಲಿನ ಮಾತು. ಹಿರಿಯ ಅಂದಾಜನ್ನು ಹಿಡಿದರೆ ಒಂಬೈನೂರು.

ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಜೈನಗಣಿತಸೂತ್ರಟೀಕೋದಾಹರಣ, ಲೀಲಾವತಿ, ಚಿತ್ರಹಸುಗೆ ಎಂಬ ಕೃತಿಗಳು ಅವನ ಹೆಸರಿನಲ್ಲಿವೆ. ಕೊನೆಯ ಹೆಸರನ್ನು ಸ್ವಲ್ಪ ಗಮನಿಸಬೇಕು. ‘ಪಸು’ ಎಂದರೆ ಹಳಗನ್ನಡದಲ್ಲಿ ಹಂಚು, ಪಾಲು ಮಾಡು. ಅದರಿಂದ ಬಂದದ್ದು ‘ಪಸುಗೆ’, ಆಮೇಲೆ ‘ಹಸುಗೆ’. ಇಂದು ಶಾಲೆಯಲ್ಲಿ ‘ಭಾಗಾಕಾರ’ ಎಂದು ಕಲಿಸುವ ಕೆಲಸಕ್ಕೆ ಕನ್ನಡದ ಸ್ವಂತ ಮಾತು ಇಷ್ಟು ಹತ್ತಿರದಲ್ಲಿತ್ತು. ಹಸುಗೆ ಎಂದೊಡನೆ ಹಂಚಬೇಕಾದ ವಸ್ತು ಕಣ್ಣ ಮುಂದೆ ಬರುತ್ತದೆ. ಹಂಚುವವನೂ ಕೈ ಚಾಚಿ ನಿಂತವರೂ ಕಾಣುತ್ತಾರೆ. ಭಾಗಾಕಾರ ಎಂದಾಗ ಕಾಣುವುದು ಹಲಗೆಯ ಮೇಲಿನ ಅಂಕಿ, ಗೆರೆ, ಶೇಷ. ಈ ಎರಡು ಮಾತುಗಳ ನಡುವಿನ ದೂರವೇ ಪ್ರಾಥಮಿಕ ಶಾಲೆಯ ಮಕ್ಕಳು ಇಂದು ದಾಟಲಾಗದೆ ನಿಂತಿರುವ ಹಳ್ಳ.

ಕಣದ ರಾಶಿ, ಲೆಕ್ಕದ ರಾಶಿ

ರಾಜಾದಿತ್ಯ ಬರೆಯುವ ಹೊತ್ತಿಗೆ ಕನ್ನಡದಲ್ಲಿ ಶಾಸ್ತ್ರಗ್ರಂಥಗಳು ಬರತೊಡಗಿದ್ದವು. ಎರಡನೆಯ ಚಾವುಂಡರಾಯನ ಲೋಕೋಪಕಾರ, 1049ರಲ್ಲಿ ಶ್ರೀಧರಾಚಾರ್ಯ ಬರೆದ ಜಾತಕತಿಲಕ ಇವು 11ನೇ ಶತಮಾನದವು. ಸಂಸ್ಕೃತ ಓದದ ಜನರಿಗೂ ಶಾಸ್ತ್ರ ದಕ್ಕಬೇಕೆಂಬ ಗಾಳಿ ಆಗ ಬೀಸುತ್ತಿತ್ತು. ವ್ಯವಹಾರಗಣಿತ ಹೆಸರಿಗೆ ತಕ್ಕಂತೆ ನಿತ್ಯದ ವ್ಯವಹಾರದ ಗಣಿತ. ಸೂತ್ರ ಪದ್ಯದಲ್ಲಿ, ಅದರ ಹಿಂದೆ ವಿವರಣೆ ಮತ್ತು ಉದಾಹರಣೆ. ಪದ್ಯದಲ್ಲಿದ್ದುದನ್ನು ಬಾಯಿಪಾಠ ಮಾಡುವುದು ಸುಲಭವೆಂದು ಆ ಕಾಲದ ರೂಢಿ.

ಅದರಲ್ಲಿ ಸಹಜ ತ್ರೈರಾಶಿ, ವ್ಯಸ್ತ ತ್ರೈರಾಶಿಗಳಿಂದ ಹಿಡಿದು ಪಂಚರಾಶಿ, ಸಪ್ತರಾಶಿ, ನವರಾಶಿಗಳವರೆಗೆ ಲೆಕ್ಕದ ಬಗೆಗಳು ಬರುತ್ತವೆ. ಹೆಸರು ಕೇಳಿ ಹೆದರಬೇಕಾಗಿಲ್ಲ. 5 ಸೇರು ಜೋಳಕ್ಕೆ 20 ಹಣವಾದರೆ 8 ಸೇರಿಗೆ ಎಷ್ಟು? ಗೊತ್ತಿರುವ ರಾಶಿ ಮೂರು, ಹುಡುಕುವುದು ನಾಲ್ಕನೆಯದು. 20ನ್ನು 8ರಿಂದ ಗುಣಿಸಿ 5ರಿಂದ ಭಾಗಿಸಿದರೆ 32. ಇದು ಸಹಜ. 6 ಆಳು 10 ದಿನದಲ್ಲಿ ಮುಗಿಸುವ ಕೆಲಸವನ್ನು 15 ಆಳು ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಆಳು ಹೆಚ್ಚಿದರೆ ದಿನ ಕಡಿಮೆ. 60ನ್ನು 15ರಿಂದ ಭಾಗಿಸಿದರೆ 4. ಇದು ವ್ಯಸ್ತ. ಎರಡರಲ್ಲೂ ಕೊನೆಯ ಹೆಜ್ಜೆ ಭಾಗಾಕಾರವೇ. ಆದರೆ ಯಾವುದನ್ನು ಯಾವುದರಿಂದ ಭಾಗಿಸಬೇಕೆಂದು ಅಂಕಿಗಳು ಹೇಳುವುದಿಲ್ಲ. ಅದನ್ನು ಹೇಳುವುದು ಲೆಕ್ಕದ ಕತೆ. ಆಳು ಹೆಚ್ಚಾದರೆ ಕೆಲಸ ಬೇಗ ಮುಗಿಯುತ್ತದೆಂಬ ಲೋಕಜ್ಞಾನ ಇಲ್ಲದವನಿಗೆ ಸೂತ್ರ ಬಾಯಿಗೆ ಬಂದರೂ ಪ್ರಯೋಜನವಿಲ್ಲ.

‘ರಾಶಿ’ ಎಂಬ ಶಬ್ದವನ್ನೇ ನೋಡಿ. ಗಣಿತದಲ್ಲಿ ಅದು ಪರಿಮಾಣ, ಸಂಖ್ಯೆ. ಉತ್ತರ ಕರ್ನಾಟಕದ ರೈತನಿಗೆ ಅದು ಕಣದಲ್ಲಿ ತೂರಿ ಕೂಡಿಹಾಕಿದ ಜೋಳದ ಗುಡ್ಡೆ. ಒಕ್ಕಣೆಯನ್ನು ಇಲ್ಲಿ ಇಂದಿಗೂ ‘ರಾಶಿ ಮಾಡುವುದು’ ಎನ್ನುತ್ತಾರೆ. ಹಳ್ಳಿಯ ಆಯದ ಪದ್ಧತಿ ಜೀವಂತವಾಗಿದ್ದಾಗ ಈ ರಾಶಿಯ ಎದುರೇ ದೊಡ್ಡ ಭಾಗಾಕಾರ ನಡೆಯುತ್ತಿತ್ತು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಮೊದಲಾದ ಆಯಗಾರರಿಗೆ ವರ್ಷದ ದುಡಿಮೆಗೆ ಪ್ರತಿಯಾಗಿ ಕಾಳಿನ ಪಾಲು ಸಲ್ಲುತ್ತಿದ್ದುದು ಇಲ್ಲಿಯೇ. ಪಾಲಿಗೆ ಹೊಲ ಮಾಡಿದವನು ಭೂಮಿಯ ಒಡೆಯನೊಂದಿಗೆ ರಾಶಿ ಹಂಚಿಕೊಳ್ಳುತ್ತಿದ್ದುದೂ ಇಲ್ಲಿಯೇ. ಎಲ್ಲರಿಗೂ ಸಮಪಾಲು ಇರಲಿಲ್ಲ. ಯಾರಿಗೆ ಎಷ್ಟು ಎಂಬುದನ್ನು ರೂಢಿ ಗೊತ್ತುಮಾಡಿತ್ತು, ಆ ರೂಢಿಯಲ್ಲಿ ಅನ್ಯಾಯವೂ ಇತ್ತು. ಲೆಕ್ಕ ಬಾರದವನು ಮೋಸ ಹೋಗುವ ಮೊದಲ ಜಾಗವೂ ಕಣವೇ ಆಗಿತ್ತು.

ಬಂಗಾರ, ಗುಡಿ ಮತ್ತು ಮಹಾವೀರ

ರಾಜಾದಿತ್ಯನ ಬೆನ್ನ ಹಿಂದೆ ಇನ್ನೂ ದೊಡ್ಡದೊಂದು ಪರಂಪರೆ ಇದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಕವಿರಾಜಮಾರ್ಗ ಹುಟ್ಟಿದ್ದೂ ಅದೇ ಅರಸನ ಆಸ್ಥಾನದಲ್ಲಿ. ಮಹಾವೀರನ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದಾಗ ಗಣಿತದ ಚರಿತ್ರೆ ಬರೆಯುವ ಪಾಶ್ಚಾತ್ಯ ವಿದ್ವಾಂಸರ ಗಮನವೂ ಅದರತ್ತ ಹರಿಯಿತು.

ಮಹಾವೀರ ಲೆಕ್ಕದ ಕ್ರಿಯೆಗಳನ್ನು ಗುಣಾಕಾರದಿಂದ ಆರಂಭಿಸುತ್ತಾನೆ. ಎರಡನೆಯದೇ ಭಾಗಾಕಾರ. ನಿಯಮ ಚಿಕ್ಕದು: ಭಾಜ್ಯವನ್ನು ಮೇಲೆ, ಭಾಜಕವನ್ನು ಕೆಳಗೆ ಇಡು, ಎರಡಕ್ಕೂ ಸಮಾನವಾದ ಅಪವರ್ತನ ಇದ್ದರೆ ಮೊದಲು ಅದನ್ನು ತೆಗೆದುಹಾಕು, ಆಮೇಲೆ ಭಾಗಿಸು. ನಿಯಮದ ಹಿಂದೆಯೇ ಲೆಕ್ಕಗಳ ಸಾಲು. 8192 ದೀನಾರಗಳನ್ನು 64 ಜನರಿಗೆ ಹಂಚಿದರೆ ಒಬ್ಬನ ಪಾಲೆಷ್ಟು? 2701 ಬಂಗಾರದ ನಾಣ್ಯಗಳನ್ನು 37 ಜನರಿಗೆ ಹಂಚಿದರೆ? 14141 ನಾಣ್ಯಗಳನ್ನು 79 ಗುಡಿಗಳಿಗೆ ಕೊಟ್ಟರೆ ಒಂದೊಂದು ಗುಡಿಗೆ ಎಷ್ಟು ಸಂದಿತು? ಉತ್ತರಗಳು ಕ್ರಮವಾಗಿ 128, 73, 179. ಎಲ್ಲವೂ ಶೇಷವಿಲ್ಲದೆ ಹರಿಯುತ್ತವೆ. ಕಲಿಯುವವನ ಧೈರ್ಯ ಕೆಡದಂತೆ ಮೊದಲ ಲೆಕ್ಕಗಳನ್ನು ಹೊಸೆಯುವ ಜಾಣತನ ಇಲ್ಲಿದೆ. ಇಷ್ಟೇ ಆಗಿದ್ದರೆ ಇದನ್ನು ಬರಿ ಅಂಕಿಗಳ ಅಭ್ಯಾಸ ಎನ್ನಬಹುದಿತ್ತು. ಮುಂದೆ ಮಿಶ್ರಕ ವ್ಯವಹಾರ ಎಂಬ ಅಧ್ಯಾಯದಲ್ಲಿ ಬೇರೆ ಬೇರೆ ಬಂಡವಾಳ ಹಾಕಿದವರಿಗೆ ಲಾಭವನ್ನು ಅವರವರ ಪ್ರಮಾಣಕ್ಕೆ ತಕ್ಕಂತೆ ಹಂಚುವ ಲೆಕ್ಕಗಳೂ ಬರುತ್ತವೆ. ಸಮಪಾಲು ಬೇರೆ, ನ್ಯಾಯವಾದ ಪಾಲು ಬೇರೆ ಎಂಬ ಪಾಠ ಅದು.

ಸೊನ್ನೆಯ ವಿಷಯದಲ್ಲಿ ಮಾತ್ರ ಮಹಾವೀರ ಎಡವಿದ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದ. ಹಂಚಿಕೊಳ್ಳುವವರು ಯಾರೂ ಇಲ್ಲದಿದ್ದರೆ ಗಂಟು ಕರಗುವುದೆಲ್ಲಿ ಎಂಬ ಯೋಚನೆ ಇದ್ದೀತು. ಇಂದಿನ ಗಣಿತ ಸೊನ್ನೆಯಿಂದ ಭಾಗಿಸುವುದನ್ನೇ ಒಪ್ಪುವುದಿಲ್ಲ. ಹಂಚುವ ಕತೆ ಎಲ್ಲಿಯವರೆಗೆ ಕೈಹಿಡಿದು ನಡೆಸುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಹಂಚುವ ಲೆಕ್ಕದಿಂದ ಗಣಿತ ಕಲಿಸುವ ಕ್ರಮ ಭಾರತದ ಸ್ವತ್ತೂ ಅಲ್ಲ. ಕ್ರಿಸ್ತಪೂರ್ವ 1550ರ ಸುಮಾರಿನ ಈಜಿಪ್ಟಿನ ರೈಂಡ್ ಪಪೈರಸ್ ಸುರುಳಿಯ ಆರಂಭದ ಲೆಕ್ಕಗಳು ರೊಟ್ಟಿಗಳನ್ನು 10 ಜನರಿಗೆ ಹಂಚುವಂಥವು. ಒಂದೇ ರೊಟ್ಟಿ ಇದ್ದರೆ ಹೇಗೆ, ಎರಡಿದ್ದರೆ ಹೇಗೆ, ಆರಿದ್ದರೆ ಹೇಗೆ ಎಂದು ಅದು ಕೇಳುತ್ತದೆ. ನೈಲ್ ದಂಡೆಯಲ್ಲೂ ಕೃಷ್ಣಾ ದಂಡೆಯಲ್ಲೂ ಗುರುಗಳಿಗೆ ಹೊಳೆದ ಉಪಾಯ ಒಂದೇ.

ರೂಪಾಯಿ, ಆಣೆ, ಪೈ

ರಾಜಾದಿತ್ಯನ ಕಾಲದಿಂದ ಕಂಪನಿ ಸರ್ಕಾರದ ಕಾಲಕ್ಕೆ ಬರುವಷ್ಟರಲ್ಲಿ ಈ ಸೀಮೆ ಹಲವು ಕೈಗಳಿಗೆ ಹಂಚಿಹೋಗಿತ್ತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಗೆ ಸೇರಿದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ ಪಾಲಾಗಿತ್ತು. ಹಳ್ಳಿಗಳಲ್ಲಿ ಕೂಲಿಮಠಗಳಿದ್ದವು. ಗುರುವಿಗೆ ಮಕ್ಕಳ ಮನೆಯವರು ಕಾಳು ಕಡಿ ಕೊಡುವುದು, ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಸಂಜೆ ಎಲ್ಲರೂ ಸೇರಿ ರಾಗವಾಗಿ ಮಗ್ಗಿ ಒಪ್ಪಿಸುವುದು ಅಲ್ಲಿನ ಕ್ರಮ. ಪೂರ್ಣಾಂಕದ ಮಗ್ಗಿಗಳ ಜೊತೆಗೆ ಕಾಲು, ಅರೆ, ಮುಕ್ಕಾಲುಗಳಿಗೂ ಮಗ್ಗಿ. ಮರಾಠಿ ಶಾಲೆಗಳಲ್ಲಿ ಇವಕ್ಕೆ ಪಾವಕಿ, ನಿಮಕಿ, ಪಾವುಣಕಿ ಎಂದು ಹೆಸರು. ಒಂದೂಕಾಲಿಗೆ ಸವಾಯಕಿ, ಒಂದೂವರೆಗೆ ದಿಡಕಿ. ಭಾಗಿಸಿದಾಗ ಉಳಿಯುವ ಚೂರುಪಾರು ಬಾಯಲ್ಲೇ ಸಿದ್ಧವಿರಲಿ ಎಂಬುದು ಇದರ ಉದ್ದೇಶ.

ಮುಂಬಯಿ ಇಲಾಖೆಯಲ್ಲಿ ಸರ್ಕಾರಿ ಶಾಲೆಗಳು ಬಂದ ಮೇಲೆ ಮರಾಠಿಯ ಪ್ರಭಾವ ಈ ಭಾಗದ ಶಿಕ್ಷಣದ ಮೇಲೆ ದಟ್ಟವಾಗಿತ್ತು. ಡೆಪ್ಯುಟಿ ಚೆನ್ನಬಸಪ್ಪನವರು (1834–1881) ಕನ್ನಡ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ದುಡಿದದ್ದು ಈ ಹಿನ್ನೆಲೆಯಲ್ಲಿ. ಕೊಲ್ಹಾಪುರದ ಶಾಹು ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಉಚಿತ ಹಾಗೂ ಕಡ್ಡಾಯ ಪ್ರಾಥಮಿಕ ಶಿಕ್ಷಣ ಜಾರಿಗೆ ತಂದರು. ಶಾಲೆಯ ಮೆಟ್ಟಿಲು ಹತ್ತದ ಮನೆತನಗಳ ಮಕ್ಕಳಿಗೂ ಲೆಕ್ಕದ ಹಲಗೆ ಸಿಗುವ ದಾರಿ ಅದರಿಂದ ತೆರೆಯಿತು.

ಆ ಹಲಗೆಯ ಮೇಲಿನ ಲೆಕ್ಕ ಇಂದಿನವರಿಗೆ ತಲೆ ತಿರುಗಿಸುವಂಥದು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ತೂಕದಲ್ಲಿ ಸೇರಿಗೆ 16 ಚಟಾಕು, ಮಣಕ್ಕೆ 40 ಸೇರು. 13 ರೂಪಾಯಿ 5 ಆಣೆ 4 ಪೈಗಳನ್ನು 8 ಜನರಿಗೆ ಸಮನಾಗಿ ಹಂಚಿ ಎಂದರೆ ಹುಡುಗ ಹೀಗೆ ನಡೆಯಬೇಕು: 13 ರೂಪಾಯಿಯಲ್ಲಿ ತಲಾ ಒಂದು ರೂಪಾಯಿ ಕೊಟ್ಟರೆ 5 ಉಳಿಯಿತು. ಅದನ್ನು ಮುರಿಸಿದರೆ 80 ಆಣೆ, ಮೊದಲಿನ 5 ಸೇರಿ 85. ತಲಾ 10 ಆಣೆ ಕೊಟ್ಟರೆ 5 ಉಳಿಯಿತು. ಅದನ್ನೂ ಮುರಿಸಿದರೆ 60 ಪೈ, ಮೊದಲಿನ 4 ಸೇರಿ 64. ತಲಾ 8 ಪೈ. ಒಬ್ಬನಿಗೆ 1 ರೂಪಾಯಿ 10 ಆಣೆ 8 ಪೈ.

ಇದರಲ್ಲಿ ಕಷ್ಟವಿತ್ತು, ನಿಜ. ಆದರೆ ಒಂದು ಉಪಕಾರವೂ ಇತ್ತು. ಉಳಿದ ದೊಡ್ಡ ನಾಣ್ಯವನ್ನು ಚಿಲ್ಲರೆ ಮಾಡಿಸಿ ಮತ್ತೆ ಹಂಚುವುದೇ ಭಾಗಾಕಾರದ ಒಳಗುಟ್ಟು ಎಂಬುದು ಹುಡುಗನ ಕೈಗೆ ಹತ್ತುತ್ತಿತ್ತು. 96ನ್ನು 4ರಿಂದ ಭಾಗಿಸುವಾಗ ನಡೆಯುವುದೂ ಇದೇ. ಒಂಬತ್ತು ಹತ್ತುಗಳಲ್ಲಿ ತಲಾ ಎರಡು ಹತ್ತು ಕೊಟ್ಟರೆ ಒಂದು ಹತ್ತು ಉಳಿಯುತ್ತದೆ. ಅದನ್ನು ಬಿಡಿಗಳಾಗಿ ಮುರಿದು 6ಕ್ಕೆ ಸೇರಿಸಿದರೆ 16. ತಲಾ ನಾಲ್ಕು. ಒಟ್ಟು 24. ಹಲಗೆಯ ಮೇಲೆ ಇದನ್ನು ‘ಒಂದನ್ನು ಕೆಳಗೆ ಬರೆ, ಆರನ್ನು ಕೆಳಗಿಳಿಸು’ ಎಂದು ಹೇಳಿಕೊಟ್ಟುಬಿಡುತ್ತಾರೆ. ಒಂದು ಎಂದರೆ ಹತ್ತು ಎಂಬುದು ಅಷ್ಟರಲ್ಲಿ ಮರೆತುಹೋಗಿರುತ್ತದೆ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಿತು. ರೂಪಾಯಿಗೆ 100 ನಯೇಪೈಸೆ. ಮರುವರ್ಷದಿಂದ ಹಂತ ಹಂತವಾಗಿ ಕಿಲೋ, ಲೀಟರು, ಮೀಟರುಗಳೂ ಬಂದವು. ಅದಕ್ಕೆ ತುಸು ಮೊದಲೇ, 1956ರ ನವೆಂಬರ್ 1ರಂದು, ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಎರಡು ವರ್ಷಗಳ ಅಂತರದಲ್ಲಿ ಇಲ್ಲಿನ ಮಾಸ್ತರರಿಗೆ ರಾಜ್ಯವೂ ಬದಲಾಯಿತು, ನಾಣ್ಯವೂ ಬದಲಾಯಿತು, ತೂಕದ ಕಲ್ಲೂ ಬದಲಾಯಿತು. ಲೆಕ್ಕ ಹಗುರಾಯಿತು. ಮುರಿಸಿ ಹಂಚುವ ಅನುಭವ ಮಾತ್ರ ಮೆಲ್ಲಗೆ ಕೈತಪ್ಪಿತು.

ಒಂದು ಲೆಕ್ಕ, ನಾಲ್ಕು ಉತ್ತರ

ಭಾಗಾಕಾರದ ಕತೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಈ ಸೀಮೆಯದೇ ಉದಾಹರಣೆ ತೆಗೆದುಕೊಳ್ಳಬಹುದು. ತಂಬಾಕಿನ ಪೇಟೆಯೆಂದು ಹೆಸರಾದ ನಿಪ್ಪಾಣಿಯಲ್ಲಿ ಒಬ್ಬಾಕೆ 1000 ಬೀಡಿ ಕಟ್ಟಿದ್ದಾಳೆ ಎನ್ನಿ. 25 ಬೀಡಿಗೊಂದು ಕಟ್ಟಾದರೆ ಎಷ್ಟು ಕಟ್ಟು? 40. ಅದೇ 1000 ಬೀಡಿಯನ್ನು 25 ಅಂಗಡಿಗಳಿಗೆ ಸಮನಾಗಿ ಹಾಕಿದರೆ ಒಂದಂಗಡಿಗೆ ಎಷ್ಟು? ಅದೂ 40. ಅಂಕಿ ಒಂದೇ, ಕತೆ ಬೇರೆ. ಮೊದಲನೆಯದರಲ್ಲಿ ಒಂದು ಗುಂಪಿನ ಅಳತೆ ಗೊತ್ತು, ಗುಂಪುಗಳೆಷ್ಟು ಎಂಬುದು ಪ್ರಶ್ನೆ. ಎರಡನೆಯದರಲ್ಲಿ ಗುಂಪುಗಳು ಗೊತ್ತು, ಒಂದೊಂದರ ಪಾಲು ಪ್ರಶ್ನೆ. ಮಗುವಿನ ಕೈಗೆ ಹುಣಸೆಬೀಜ ಕೊಟ್ಟರೆ ವ್ಯತ್ಯಾಸ ಕಾಣುತ್ತದೆ. ಮೊದಲ ಲೆಕ್ಕಕ್ಕೆ ಅದು ಹಿಡಿಹಿಡಿಯಾಗಿ ತೆಗೆದಿಡುತ್ತದೆ. ಎರಡನೆಯದಕ್ಕೆ ‘ಇದು ನಿನಗೊಂದು, ಇದು ನನಗೊಂದು’ ಎಂದು ಸರದಿಯ ಮೇಲೆ ಹಂಚುತ್ತದೆ. ಎರಡೂ ಭಾಗಾಕಾರವೆಂದು ಮಗುವಿಗೆ ತಾನಾಗಿ ಹೊಳೆಯುವುದಿಲ್ಲ. ತೋರಿಸಿಕೊಡಬೇಕು.

ಇನ್ನು ಶೇಷ ಉಳಿದಾಗಿನ ಮಾತು. 50ನ್ನು 8ರಿಂದ ಭಾಗಿಸಿ ಎಂದರೆ ಹಲಗೆಯ ಮೇಲೆ ಭಾಗಲಬ್ಧ 6, ಶೇಷ 2. ಕತೆಯೊಳಗೆ ಇಟ್ಟು ನೋಡಿ. ಚಿಕ್ಕೋಡಿಯಿಂದ ಜಾತ್ರೆಗೆ ಹೊರಟವರು 50 ಜನ, ಒಂದು ಗಾಡಿಯಲ್ಲಿ 8 ಜನ ಕೂಡಬಹುದು. ಗಾಡಿ ಎಷ್ಟು ಬೇಕು? 7. ಇಬ್ಬರನ್ನು ಬಿಟ್ಟು ಹೋಗಲಾಗದು. ನೇಕಾರನ ಬಳಿ 50 ವಾರ ಬಟ್ಟೆ ಇದೆ, ಸೀರೆಗೆ 8 ವಾರ, ಎಷ್ಟು ಸೀರೆ? 6. ಉಳಿದ 2 ವಾರದಲ್ಲಿ ಸೀರೆಯಾಗದು. 50 ಕಿಲೋ ಬೆಲ್ಲವನ್ನು 8 ಮನೆಗಳಿಗೆ ಹಂಚಬೇಕು, ಮನೆಗೆ ಎಷ್ಟು? 6 ಕಿಲೋ 250 ಗ್ರಾಂ. ಬೆಲ್ಲವನ್ನು ಒಡೆಯಬಹುದು. ಶಾಲೆಯ ಅಂಗಳದಲ್ಲಿ 50 ಮಕ್ಕಳು 8 ಜನರ ಸಾಲುಗಳಾಗಿ ನಿಂತರೆ ಸಾಲಿಗೆ ಸೇರದೆ ಉಳಿಯುವವರೆಷ್ಟು? 2. ಒಂದೇ ಭಾಗಾಕಾರ, ನಾಲ್ಕು ಉತ್ತರ. ಯಾವುದು ಸರಿ ಎಂದು ತೀರ್ಮಾನಿಸುವುದು ಜಾತ್ರೆ, ಸೀರೆ, ಬೆಲ್ಲ, ಅಂಗಳಗಳ ತಿಳಿವಳಿಕೆ.

ಅಮೆರಿಕದಲ್ಲಿ 1983ರಲ್ಲಿ ಹೊರಬಂದ ರಾಷ್ಟ್ರೀಯ ಪರೀಕ್ಷೆಯೊಂದರ ಫಲಿತಾಂಶ ಇದೇ ಕಾರಣಕ್ಕೆ ಲೋಕಪ್ರಸಿದ್ಧವಾಯಿತು. 13 ವರ್ಷದ ಮಕ್ಕಳಿಗೆ ಕೇಳಿದ ಪ್ರಶ್ನೆ ಇದು: ಒಂದು ಬಸ್ಸಿಗೆ 36 ಸೈನಿಕರಂತೆ 1128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ಸುಮಾರು ಶೇಕಡ 70 ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. ಆದರೆ 32 ಬಸ್ಸು ಎಂಬ ಸರಿಯುತ್ತರ ಬರೆದವರು ಶೇಕಡ 23 ಮಾತ್ರ. ಶೇಕಡ 29 ಮಕ್ಕಳು ‘31 ಬಸ್ಸು, ಶೇಷ 12’ ಎಂದು ಬರೆದರು. ಶೇಷದ ಬಸ್ಸು ಯಾವ ರಸ್ತೆಯಲ್ಲಿ ಓಡುತ್ತದೆ ಎಂದು ಅವರು ಕೇಳಿಕೊಳ್ಳಲಿಲ್ಲ.

ಇದಕ್ಕೆ ತಿರುವುಮುರುವಾದ ಸಂಗತಿ ಬ್ರೆಜಿಲ್ ದೇಶದ್ದು. ರೆಸೀಫೆ ನಗರದ ಬೀದಿಯಲ್ಲಿ ತೆಂಗಿನಕಾಯಿ ಮೊದಲಾದುವನ್ನು ಮಾರುವ 9ರಿಂದ 15 ವರ್ಷದ ಐವರು ಮಕ್ಕಳನ್ನು ಮೂವರು ಸಂಶೋಧಕರು ಗಮನಿಸಿ 1985ರಲ್ಲಿ ವರದಿ ಮಾಡಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳ ಉತ್ತರ ಶೇಕಡ 98ರಷ್ಟು ಸರಿ. ಅಂಥವೇ ಲೆಕ್ಕಗಳನ್ನು ಕತೆಯ ರೂಪದಲ್ಲಿ ಪರೀಕ್ಷೆಯಾಗಿ ಕೊಟ್ಟಾಗ ಶೇಕಡ 74. ಬರಿ ಅಂಕಿಗಳಾಗಿ ಕೊಟ್ಟಾಗ ಶೇಕಡ 37. ಐದೇ ಮಕ್ಕಳ ಅಧ್ಯಯನವಾದರೂ ಅದು ಹೇಳುವ ಮಾತು ಸಣ್ಣದಲ್ಲ. ಸಂತೆಯಲ್ಲಿ ತಾಯಿಯ ಪಕ್ಕ ಕುಳಿತು ಕಾಯಿಪಲ್ಲೆ ಮಾರುವ ಮಗು ಶಾಲೆಯಲ್ಲಿ ‘ದಡ್ಡ’ ಎನಿಸಿಕೊಂಡರೆ, ದಡ್ಡತನ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಎರಡು ಭಾಷೆಯ ಅಂಗಳ

ಕತೆಯ ಲೆಕ್ಕವೆಂದರೆ ಭಾಷೆಯ ಲೆಕ್ಕವೂ ಹೌದು. ನಿಪ್ಪಾಣಿ, ಕಾಗವಾಡ, ಅಥಣಿಗಳ ಕಡೆ ಕನ್ನಡ, ಮರಾಠಿ, ಉರ್ದು ಶಾಲೆಗಳು ಅಕ್ಕಪಕ್ಕ ಇವೆ. ಮನೆಯಲ್ಲೊಂದು, ಶಾಲೆಯಲ್ಲೊಂದು, ಸಂತೆಯಲ್ಲಿ ಎರಡೂ ಬೆರೆತ ಮಾತಾಡುವ ಮಕ್ಕಳು ಇಲ್ಲಿ ಅಪರೂಪವಲ್ಲ. ಭಾಗಾಕಾರ, ಭಾಜ್ಯ, ಭಾಜಕ ಎಂಬ ಶಬ್ದಗಳು ಕನ್ನಡಕ್ಕೂ ಮರಾಠಿಗೂ ಸಮಾನ. ಕನ್ನಡದ ‘ಶೇಷ’ ಮರಾಠಿ ಪುಸ್ತಕದಲ್ಲಿ ‘ಬಾಕಿ’. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ‘ಬಾಕಿ’ಯನ್ನು ಕನ್ನಡದ ಮಗುವೂ ಬಲ್ಲದು. ಉಳಿದದ್ದು, ಕೊಡಬೇಕಾದದ್ದು ಎಂಬ ಅರ್ಥ ಅದಕ್ಕೆ ಮನೆಯಲ್ಲೇ ತಿಳಿದಿದೆ. ಶೇಷ ಎಂದರೆ ಏನೆಂದು ಅದು ಶಾಲೆಗೆ ಬಂದೇ ಕಲಿಯಬೇಕು.

ಅದಕ್ಕಿಂತ ಜಾರುವ ಶಬ್ದ ‘ತಲಾ’. ‘8 ಮಕ್ಕಳಿಗೆ ತಲಾ 6 ಪೇರಲ ಕೊಟ್ಟರೆ ಒಟ್ಟು ಎಷ್ಟು?’ ಎಂಬುದು ಗುಣಾಕಾರ. ‘48 ಪೇರಲಗಳನ್ನು 8 ಮಕ್ಕಳಿಗೆ ಕೊಟ್ಟರೆ ತಲಾ ಎಷ್ಟು?’ ಎಂಬುದು ಭಾಗಾಕಾರ. ‘ತಲಾ ಎಂದು ಕಂಡರೆ ಭಾಗಿಸು’ ಎಂದು ಸುಲಭದ ದಾರಿ ಹೇಳಿಕೊಟ್ಟರೆ ಮಗು ಮೊದಲ ಲೆಕ್ಕದಲ್ಲಿಯೇ ಬೀಳುತ್ತದೆ. ಲೆಕ್ಕವನ್ನು ಮೊದಲು ತನ್ನ ಮಾತಿನಲ್ಲಿ ಹೇಳಿಸುವುದು, ಚಿತ್ರ ಬರೆಸುವುದು, ಉತ್ತರ ಎಷ್ಟಿದ್ದೀತೆಂದು ಅಂದಾಜು ಮಾಡಿಸುವುದು, ಕೊನೆಗೆ ಅಂಕಿಗಿಳಿಯುವುದು, ಮುಗಿದ ಮೇಲೆ ಉತ್ತರವನ್ನು ಮತ್ತೆ ಕತೆಗೆ ಹಚ್ಚಿ ನೋಡುವುದು. ಒಳ್ಳೆಯ ಶಿಕ್ಷಕರು ಹಿಂದಿನಿಂದಲೂ ಹಿಡಿದ ದಾರಿ ಇದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಪದ್ಧತಿ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಎರಡೂ ಮಗುವಿನ ಅನುಭವದಿಂದಲೇ ಪಾಠ ಆರಂಭವಾಗಲಿ ಎಂದವು.

ಆದರೂ ಫಲ ನಿರೀಕ್ಷಿಸಿದಷ್ಟಿಲ್ಲ. ದೇಶದ ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ ಮೂರು ಅಂಕಿಯ ಸಂಖ್ಯೆಯನ್ನು ಒಂದು ಅಂಕಿಯಿಂದ ಭಾಗಿಸಲು ಕೇಳುತ್ತದೆ. 5ನೇ ತರಗತಿಯಲ್ಲಿ ಇದನ್ನು ಮಾಡಬಲ್ಲವರು 2018ರಲ್ಲಿ ಶೇಕಡ 27.8, ಕೊರೋನಾ ನಂತರ 2022ರಲ್ಲಿ ಶೇಕಡ 25.6, 2024ರಲ್ಲಿ ಶೇಕಡ 30.7. ಹತ್ತರಲ್ಲಿ ಏಳು ಮಕ್ಕಳಿಗೆ ಬರಿ ಅಂಕಿಯ ಭಾಗಾಕಾರವೇ ದಕ್ಕಿಲ್ಲ. ಕತೆಯ ಲೆಕ್ಕ ಅದರಾಚೆಯ ಮಾತು.

ಯಾರನ್ನು ಎಣಿಸಬೇಕು?

ಇದು ಪರೀಕ್ಷೆಯ ಅಂಕಗಳಷ್ಟರ ಪ್ರಶ್ನೆಯಲ್ಲ. ಕೃಷ್ಣಾ ತೀರದ ರೈತನೊಬ್ಬ 3 ಎಕರೆ 20 ಗುಂಟೆಯಲ್ಲಿ 140 ಟನ್ ಕಬ್ಬು ಬೆಳೆದ ಎನ್ನಿ. ಎಕರೆಗೆ ಎಷ್ಟು ಟನ್ ಬಂತು? ಶಾಲೆ ಕಲಿತ ಮಗ 3.20 ಎಂದು ಯಂತ್ರದಲ್ಲಿ ಒತ್ತಿ 43.75 ಎನ್ನುತ್ತಾನೆ. ಎಕರೆಗೆ 40 ಗುಂಟೆಯೆಂದು ಬಲ್ಲ ಅಪ್ಪ ಮೂರೂವರೆ ಎಕರೆಗೆ 140 ಎಂದರೆ ಎಕರೆಗೆ 40 ಎಂದು ಬಾಯಲ್ಲೇ ಹೇಳುತ್ತಾನೆ. ಅಪ್ಪನದು ಸರಿ. ಆಣೆ ಹೋಯಿತು, ಸೇರು ಹೋಯಿತು, ಗುಂಟೆ ಉಳಿದಿದೆ. ಯಂತ್ರಕ್ಕೆ ಭಾಗಾಕಾರ ಬರುತ್ತದೆ, ಗುಂಟೆ ಬರುವುದಿಲ್ಲ.

ಅದೇ ಹೊಲ ಹಿಸ್ಸೆಯಾಗುವ ದಿನ ಇನ್ನೂ ಕಠಿಣವಾದ ಲೆಕ್ಕ ಎದುರಾಗುತ್ತದೆ. 7 ಎಕರೆ 20 ಗುಂಟೆ ಎಂದರೆ 300 ಗುಂಟೆ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹಳೆಯ ರೂಢಿಯಂತೆ 2ರಿಂದ ಭಾಗಿಸಿದರೆ ಒಬ್ಬನಿಗೆ 150 ಗುಂಟೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ ತಿದ್ದುಪಡಿ ಕೂಡುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಈ ನಾಲ್ವರ ನಡುವೆ ಪಾಲಾಗುವಾಗ 4ರಿಂದ ಭಾಗಿಸಬೇಕು. ತಲಾ 75 ಗುಂಟೆ, ಎಂದರೆ 1 ಎಕರೆ 35 ಗುಂಟೆ. ಭಾಜ್ಯ ಅದೇ, ಹೊಲ ಅದೇ. ಬದಲಾದದ್ದು ಭಾಜಕ. ಅದನ್ನು ಬದಲಿಸಿದ್ದು ಗಣಿತವಲ್ಲ, ಯಾರನ್ನು ಎಣಿಕೆಗೆ ಹಿಡಿಯಬೇಕೆಂಬ ತೀರ್ಮಾನ.

ಹಂಚುವ ಲೆಕ್ಕವನ್ನು ಕತೆಯಾಗಿ ಕಲಿತ ಹುಡುಗಿ ಈ ಪ್ರಶ್ನೆಯನ್ನು ಕೇಳಬಲ್ಲಳು. ಬರಿ ಗೆರೆ ಎಳೆದು ಶೇಷ ಬರೆಯಲು ಕಲಿತವಳು ಬೇರೆಯವರು ಬರೆದುಕೊಟ್ಟ ಭಾಜಕವನ್ನೇ ನಂಬಬೇಕಾಗುತ್ತದೆ. ರಾಯಬಾಗದ ಪಂಡಿತ ತನ್ನ ಪುಸ್ತಕವೊಂದಕ್ಕೆ ಹಸುಗೆ ಎಂದು ಹೆಸರಿಟ್ಟಾಗ ಇಷ್ಟೆಲ್ಲ ನೆನೆದಿರಲಾರ. ಆದರೆ ಆ ಹೆಸರಿನಲ್ಲಿ ಪಾಲುಗಾರರು ಇದ್ದಾರೆ. ಇಂದಿನ ನಾಲ್ಕನೆಯ ತರಗತಿಯ ಕೋಣೆಯಲ್ಲಿ ಹಲಗೆಯ ಮೇಲೆ ಅಂಕಿ ಬೀಳುವ ಮುಂಚೆ ಆ ಪಾಲುಗಾರರನ್ನು ಒಮ್ಮೆ ಕರೆದು ಕೂರಿಸಿಕೊಂಡರೆ ಲೆಕ್ಕದ ಅರ್ಧ ದಾರಿ ಸಾಗಿದಂತೆ.